ಕನಸೂ ಕವಿತೆಯೂ

ಕವಿತೆಯು ಕಟ್ಟಿ ಬರುವುದಲ್ಲ, ತಾನಾಗಿ ಒಲಿದು ಬರುವುದು ಎಂಬ ಅಭಿಪ್ರಾಯವು ನಮ್ಮ ಶಾಲೆಗಳಲ್ಲಿ ಬಲವಾಗಿ ನೆಲೆಗೊಂಡಿದೆ. ಇದರಿಂದ ಆಗುವ ಕೇಡು ಸಣ್ಣದಲ್ಲ. ಬರೆಯಬಲ್ಲ ಹುಡುಗನು ಒಮ್ಮೆ ಬರೆದುದನ್ನು ತಿದ್ದಲು ಒಪ್ಪುವುದಿಲ್ಲ. ತನಗೆ ಒಲಿಯಲಿಲ್ಲವೆಂದು ತಿಳಿದ ಹುಡುಗಿಯು ಲೇಖನಿಯನ್ನೇ ಎತ್ತುವುದಿಲ್ಲ. ಈ ಅಭಿಪ್ರಾಯಕ್ಕೆ ಬೆಂಬಲವಾಗಿ ಪದೇಪದೇ ಎತ್ತಿ ಹೇಳುವ ನಿದರ್ಶನವು ಇಂಗ್ಲಿಷ್ ಕವಿ ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜನ ‘ಕುಬ್ಲಾ ಖಾನ್’. ಕನಸಿನಲ್ಲಿಯೇ ಹುಟ್ಟಿದ ಕವಿತೆಯೆಂದು ಅದಕ್ಕೆ ಖ್ಯಾತಿ. ಆ ಖ್ಯಾತಿಯಲ್ಲಿ ನಿಜವೆಷ್ಟು ಎಂಬುದನ್ನು ನಾವು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಕವಿತೆಯು ಅಚ್ಚಾದುದು 1816ರಲ್ಲಿ. ಬೈರನ್ ಕವಿಯ ಒತ್ತಾಯದಿಂದ ಅದನ್ನು ಪ್ರಕಟಿಸುತ್ತ ಕೋಲ್‌ರಿಜನು ಒಂದು ಮುನ್ನುಡಿಯನ್ನು ಜೋಡಿಸಿದನು. 1797ರ ಬೇಸಗೆಯಲ್ಲಿ ಮೈ ಸರಿಯಿಲ್ಲದೆ, ಪೋರ್ಲಾಕ್ ಮತ್ತು ಲಿಂಟನ್ ಊರುಗಳ ನಡುವಿನ ಒಂದು ಒಂಟಿ ತೋಟದಮನೆಯಲ್ಲಿ ಅವನು ತಂಗಿದ್ದನಂತೆ. ನೋವು ತಗ್ಗಿಸುವ ಮದ್ದನ್ನು ಸೇವಿಸಿ, ಪರ್ಚಸ್ ಎಂಬವನ ಯಾತ್ರಾಗ್ರಂಥದಲ್ಲಿ ಕುಬ್ಲಾ ಖಾನನ ಅರಮನೆಯ ವರ್ಣನೆಯನ್ನು ಓದುತ್ತಿರುವಾಗಲೇ ಕುರ್ಚಿಯಲ್ಲಿ ನಿದ್ದೆ ಹತ್ತಿತಂತೆ. ಸುಮಾರು ಮೂರು ಗಂಟೆಗಳ ಆ ನಿದ್ದೆಯಲ್ಲಿ ಇನ್ನೂರು ಮುನ್ನೂರು ಪಂಕ್ತಿಗಳು ಪ್ರಯತ್ನವಿಲ್ಲದೆ ರೂಪುಗೊಂಡವಂತೆ. ಎಚ್ಚತ್ತು ಬರೆಯತೊಡಗಿದಾಗ ಪೋರ್ಲಾಕಿನಿಂದ ಯಾವನೋ ಒಬ್ಬನು ಕೆಲಸದ ಮೇಲೆ ಬಂದು ಒಂದು ಗಂಟೆಗೂ ಮಿಕ್ಕಿ ಹೊತ್ತನ್ನು ಹಾಳುಮಾಡಿದನು. ಅವನು ಹೋದ ಮೇಲೆ ಉಳಿದದ್ದು ಚೆದುರಿದ ಎಂಟು ಹತ್ತು ಪಂಕ್ತಿಗಳ ನೆನಪು ಮಾತ್ರ. ಈಗ ನಮಗೆ ದೊರೆಯುವ ಕವಿತೆಯಲ್ಲಿ 54 ಪಂಕ್ತಿಗಳಿವೆ. ಪಾಪ, ಆ ಪೋರ್ಲಾಕಿನ ಮನುಷ್ಯನು ಸಾಹಿತ್ಯಚರಿತ್ರೆಯಲ್ಲಿ ಹೆಸರಿಲ್ಲದ ಅಪರಾಧಿಯಾಗಿ ಉಳಿದುಬಿಟ್ಟಿದ್ದಾನೆ.

ಕಥೆಯು ಸೊಗಸಾಗಿದೆ. ಆದರೆ 1934ರಲ್ಲಿ ಈ ಕವಿತೆಯ ಒಂದು ಹಸ್ತಪ್ರತಿಯು ಬೆಳಕಿಗೆ ಬಂದಿತು. ಕೋಲ್‌ರಿಜನ ಸ್ವಹಸ್ತದ ಆ ಪ್ರತಿಯ ಕೊನೆಗೆ ಅವನದೇ ಒಂದು ಟಿಪ್ಪಣಿಯಿದೆ. ಅದರಲ್ಲಿ ಕಾಲವು ಬೇಸಗೆಯಲ್ಲ, ಶರತ್ಕಾಲ. ಸ್ಥಿತಿಯು ಗಾಢನಿದ್ರೆಯಲ್ಲ, ಎರಡು ಗ್ರೇನ್ ಅಫೀಮಿನಿಂದ ಉಂಟಾದ ಒಂದು ಬಗೆಯ ಜೊಂಪು. ಪೋರ್ಲಾಕಿನ ಅತಿಥಿಯ ಸುಳಿವೇ ಅಲ್ಲಿಲ್ಲ! ಇನ್ನೂ ಗಮನಾರ್ಹವಾದುದು ಪಾಠದಲ್ಲಿನ ವ್ಯತ್ಯಾಸ. ಪರ್ಚಸನ ಗ್ರಂಥದಲ್ಲಿ ಖಾನನ ಗೋಡೆಯು ಹದಿನಾರು ಮೈಲಿ ಬಯಲನ್ನು ಸುತ್ತುವರಿದಿದೆ. ಹಸ್ತಪ್ರತಿಯಲ್ಲಿ ಅದು ಆರರ ಎರಡರಷ್ಟು, ಎಂದರೆ ಹನ್ನೆರಡು ಮೈಲಿ; ಅಚ್ಚಿನಲ್ಲಿ ಐದರ ಎರಡರಷ್ಟು. ಕವಿತೆಯ ಕೊನೆಯ ಭಾಗದಲ್ಲಿ ಬರುವ ಬೆಟ್ಟದ ಹೆಸರೂ ಬದಲಾಗಿದೆ: ಹಸ್ತಪ್ರತಿಯ ‘ಅಮಾರ’ವು ಅಚ್ಚಿನಲ್ಲಿ ‘ಅಬೋರ’ವಾಗಿದೆ. ನಿದ್ದೆಯಲ್ಲಿರುವವನು ಮೈಲಿಗಳನ್ನು ಎಣಿಸಿ ಕಡಿಮೆಮಾಡುವನೆ? ಕಿವಿಗೆ ಹಿಡಿಸಲಿಲ್ಲವೆಂದು ಬೆಟ್ಟದ ಹೆಸರನ್ನು ಬದಲಿಸುವನೆ? ಇದು ಎಚ್ಚರದ ಕೈಯ ಕೆಲಸವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಹಾಗೆಂದು ಕನಸಿನ ಪಾಲನ್ನು ನಾವು ಅಲ್ಲಗಳೆಯುವುದಿಲ್ಲ. 1927ರಲ್ಲಿ ಜಾನ್ ಲಿವಿಂಗ್‌ಸ್ಟನ್ ಲೋವ್ಸ್ ಎಂಬ ಅಮೆರಿಕದ ವಿದ್ವಾಂಸರು ‘ದಿ ರೋಡ್ ಟು ಕ್ಸಾನಡು’ ಎಂಬ ದೊಡ್ಡ ಗ್ರಂಥವನ್ನು ಬರೆದು, ಕೋಲ್‌ರಿಜನು ಓದಿದ್ದ ಪ್ರವಾಸಕಥನಗಳ ತುಣುಕುಗಳು ಅವನ ಕವಿತೆಗಳಲ್ಲಿ ಎಲ್ಲೆಲ್ಲಿ ಹೇಗೆ ಕೂಡಿಕೊಂಡಿವೆಯೆಂದು ತೋರಿಸಿದರು. ಹಗಲು ಓದಿ ಮರೆತದ್ದು ಒಳಮನಸ್ಸಿನಲ್ಲಿ ಕೊಳೆತು ಗೊಬ್ಬರವಾಗಿ ಬೇರೆ ಬಣ್ಣದಲ್ಲಿ ಮೊಳೆಯುತ್ತದೆ. ಓದದವನಿಗೆ, ನೋಡದವನಿಗೆ ಇಂತಹ ಕನಸು ಬೀಳಲಾರದು.

ಕವಿತೆಯ ರಚನೆಯೇ ನಮ್ಮ ಪಕ್ಷವನ್ನು ಇನ್ನಷ್ಟು ಸಮರ್ಥಿಸುತ್ತದೆ. ಮೊದಲ 36 ಪಂಕ್ತಿಗಳಲ್ಲಿ ಅರಮನೆ, ಪವಿತ್ರನದಿ, ಭೀಕರವಾದ ಕಂದಕ, ಹಿಮದ ಗುಹೆಗಳು ಒಂದರೊಳಗೊಂದು ಹೊಕ್ಕು ಹೊರಡುತ್ತವೆ; ಇಲ್ಲಿ ಕನಸಿನ ನಡಿಗೆಯಿದೆ. ಉಳಿದ 18 ಪಂಕ್ತಿಗಳಲ್ಲಿ ಕವಿಯು ಸಂತೂರಿನಂತಹ ವಾದ್ಯವನ್ನು ನುಡಿಸುವ ಒಬ್ಬ ಅಬಿಸೀನಿಯದ ಕನ್ಯೆಯನ್ನು ನೆನೆಯುತ್ತಾನೆ. ಹಿಂದೊಮ್ಮೆ ದರ್ಶನದಲ್ಲಿ ಕಂಡವಳು ಅವಳು. ಅವಳ ಹಾಡು ತನ್ನಲ್ಲಿ ಮತ್ತೆ ಮೂಡಿದರೆ ಆ ಅರಮನೆಯನ್ನು ಗಾಳಿಯಲ್ಲಿಯೇ ಕಟ್ಟುತ್ತಿದ್ದೆನೆಂದು ಹಂಬಲಿಸುತ್ತಾನೆ. ಕನಸು ಕಳೆದುಹೋಯಿತೆಂದು ಕನಸೇ ಹೇಳಬಲ್ಲದೆ? ಅದನ್ನು ಹೇಳುವವನು ಎಚ್ಚತ್ತವನು. ಈ 18 ಪಂಕ್ತಿಗಳಿಲ್ಲದಿದ್ದರೆ ‘ಕುಬ್ಲಾ ಖಾನ್’ ಒಂದು ಬೆರಗಿನ ಚಿತ್ರಮಾತ್ರವಾಗಿ ಉಳಿಯುತ್ತಿತ್ತು ಎಂದು ನಮ್ಮ ಮತ.

ಅಫೀಮಿನ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ಅದೇ 1816ರ ಪುಸ್ತಕದಲ್ಲಿ ನಿದ್ದೆಯ ಯಾತನೆಯನ್ನು ಕುರಿತ ಇನ್ನೊಂದು ಕವಿತೆಯೂ ಇದೆ. ದುಃಸ್ವಪ್ನಗಳಿಂದ ಬೆದರಿ ಎದ್ದವನ ಗೋಳು ಅದರಲ್ಲಿದೆ. ಅದೇ ವರ್ಷ ಕೋಲ್‌ರಿಜನು ಈ ಚಟದಿಂದ ಪಾರಾಗಲು ಹೈಗೇಟಿನಲ್ಲಿ ಒಬ್ಬ ವೈದ್ಯರ ಮನೆಯನ್ನು ಸೇರಿ, 1834ರಲ್ಲಿ ಸಾಯುವತನಕ ಅಲ್ಲಿಯೇ ಉಳಿದನು. ಮೊದಲನೆಯ ಕವಿತೆಯನ್ನು ಹೊಗಳುವವರು ಎರಡನೆಯದನ್ನೂ ಓದಬೇಕು.

ಕಥೆಗಾರ ಸ್ಟೀವನ್‌ಸನ್ ಇನ್ನೂ ಪ್ರಾಮಾಣಿಕವಾಗಿ ಲೆಕ್ಕವನ್ನು ಒಪ್ಪಿಸಿದ್ದಾನೆ. 1886ರ ‘ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್’ ಕಥೆಗೆ ಕನಸು ಕೊಟ್ಟದ್ದು ಕಿಟಕಿಯ ಬಳಿಯ ದೃಶ್ಯ, ಪುಡಿಯನ್ನು ನುಂಗಿ ರೂಪ ಬದಲಾಗುವ ದೃಶ್ಯ, ಇಷ್ಟೇ. ಉಳಿದುದನ್ನೆಲ್ಲ ಎಚ್ಚರದಲ್ಲಿ ಕಟ್ಟಿದೆನೆಂದು 1888ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಹೇಳಿದ್ದಾನೆ. ಫ್ರಾನ್ಸಿನ ಆಂದ್ರೆ ಬ್ರೆತೋನ್ ಮಾತ್ರ ಎಚ್ಚರವನ್ನು ಬಿಟ್ಟುಕೊಡುವುದೇ ಸಾಧನೆಯೆಂದನು. ಮೊದಲ ಮಹಾಯುದ್ಧದಲ್ಲಿ ಮನೋರೋಗಿ ಸೈನಿಕರ ಶುಶ್ರೂಷೆಯಲ್ಲಿದ್ದಾಗ ಫ್ರಾಯ್ಡನ ವಿಚಾರಗಳನ್ನು ಅರಿತ ಅವನು, 1919ರಲ್ಲಿ ಗೆಳೆಯ ಸುಪೋನೊಡನೆ ಕೂಡಿ ಮನಸ್ಸಿಗೆ ಬಂದುದನ್ನು ತಡೆಯಿಲ್ಲದೆ ವೇಗವಾಗಿ ಬರೆಯುವ ಪ್ರಯೋಗವನ್ನು ಮಾಡಿ, 1924ರಲ್ಲಿ ಅದನ್ನೇ ಒಂದು ಪಂಥದ ಘೋಷಣೆಯಾಗಿಸಿದನು. ಬೀಗ ಹಾಕಿದ ಬಾಗಿಲುಗಳು ಅದರಿಂದ ತೆರೆದದ್ದು ನಿಜ. ಆದರೆ ಆಯ್ಕೆಯಿಲ್ಲದ ಬರಹವು ಹತ್ತು ಪುಟಗಳಾಗುವಷ್ಟರಲ್ಲಿ ಓದುವವನಿಗೇ ತೂಕಡಿಕೆ ಬರುತ್ತದೆ.

ಇಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯು ಗೆಳತಿಗೆ ತನ್ನ ಕನಸನ್ನು ಹೇಳುವ ವಚನವೊಂದು ನಮ್ಮಲ್ಲಿದೆ. ಕನಸಿನಲ್ಲಿ ಮೊದಲು ಕಾಣುವುದು ತೆಂಗಿನಕಾಯಿ, ಅಕ್ಕಿ, ಅಡಕೆಯಂತಹ ಮಂಗಳದ್ರವ್ಯ. ಬಳಿಕ ಜಡೆಗಳ ಗೊರವನೊಬ್ಬನು ಭಿಕ್ಷಕ್ಕೆ ಬರುತ್ತಾನೆ. ಮೀರಿ ಹೋಗುವ ಅವನನ್ನು ಬೆನ್ನಟ್ಟಿ ಅವಳು ಕೈಹಿಡಿಯುತ್ತಾಳೆ. ಮದುವೆ ಎಂಬ ಮಾತನ್ನು ಎತ್ತದೆಯೇ ಮದುವೆ ಮುಗಿಯಿತು. ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ದೆರೆಯುವಲ್ಲಿಗೆ ವಚನವೂ ಮುಗಿಯುತ್ತದೆ. ಕೋಲ್‌ರಿಜನಿಗೆ ಎಚ್ಚರವೆಂದರೆ ನಷ್ಟ; ಅಕ್ಕನಿಗೆ ಎಚ್ಚರವೇ ಪ್ರಾಪ್ತಿ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಇಷ್ಟು ಚೆನ್ನಾಗಿ ಬಲ್ಲವಳನ್ನು ಮೈಮರೆತವಳೆಂದು ಹೇಗೆ ಕರೆಯೋಣ?

ನಮ್ಮ ಸೊಲ್ಲಾಪುರಕ್ಕೆ ಇನ್ನೂ ಹತ್ತಿರದವರು ಬೇಂದ್ರೆಯವರು. 1944ರಿಂದ 1956ರವರೆಗೆ ಅವರು ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಕವಿತೆಯ ಕರ್ತೃವು ತಾವಲ್ಲ, ತಮ್ಮೊಳಗಿನ ಅಂಬಿಕಾತನಯದತ್ತನೆಂದು ಭಾವಿಸುತ್ತಿದ್ದವರು ಅವರು. ಈ ಮಾತನ್ನು ಹಿಡಿದು ಅವರನ್ನು ಆವೇಶದ ಕವಿಯೆಂದು ಬಿಡುವುದು ಸುಲಭ. ಆದರೆ ಜಾನಪದದ ಮಟ್ಟುಗಳನ್ನು ಅಷ್ಟು ನಿಖರವಾಗಿ ಹಿಡಿದವರು, ಅಕ್ಷರಗಳ ನಾದವನ್ನೂ ಸಂಖ್ಯೆಗಳನ್ನೂ ಅಷ್ಟು ಎಚ್ಚರದಿಂದ ಎಣಿಸಿದವರು ಕನ್ನಡದಲ್ಲಿ ವಿರಳ. ಮನೆಯ ಮಾತು ಮರಾಠಿಯಾಗಿದ್ದರೂ ಒಳದನಿಯು ಮಾತನಾಡಿದ್ದು ಧಾರವಾಡದ ಓಣಿಯ ಕನ್ನಡವನ್ನು. ಒಳಮನಸ್ಸಿನ ಭಾಷೆಯು ಪಠ್ಯಪುಸ್ತಕದ ಭಾಷೆಯಲ್ಲ. ಅದು ಬಾಲ್ಯದ ಕಿವಿಗೆ ಬಿದ್ದ ಭಾಷೆ.

ನಮ್ಮ ಗಡಿಭಾಗದ ಕನ್ನಡ ಶಾಲೆಗಳಿಗೆ ಮುಖ್ಯವಾದ ಪ್ರಶ್ನೆಯು ಇಲ್ಲಿಯೇ ಇದೆ. ಅಕ್ಕಲಕೋಟೆಯ ಕಡೆಯ ಮಗುವು ಮನೆಯಲ್ಲಿ ಒಂದು ಕನ್ನಡವನ್ನು ಆಡುತ್ತದೆ, ಬಸ್ಸಿನಲ್ಲಿಯೂ ಸಂತೆಯಲ್ಲಿಯೂ ಮರಾಠಿಯನ್ನು ಕೇಳುತ್ತದೆ, ಶಾಲೆಯಲ್ಲಿ ಇನ್ನೊಂದು ಕನ್ನಡವನ್ನು ಬರೆಯುತ್ತದೆ. ಅದು ಕನಸನ್ನು ಕಾಣುವುದು ಯಾವುದರಲ್ಲಿ? ನಾವು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ, ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಕನಸನ್ನು ಮನೆಯ ಮಾತಿನಲ್ಲಿಯೇ ಬರೆದು ತರಲು ಹೇಳಿದ್ದೆವು. ಒಬ್ಬ ಹುಡುಗಿಯ ಬರಹ ಹೀಗಿತ್ತು: “ನಮ್ಮ ಆಯಿ ಹಗೇವಿನ್ಯಾಗ ಕುಂತು ಬೀಸಾಕ ಹತ್ತಿದ್ಳು. ಜ್ವಾಳ ನೀರಿನಂಗ ಮ್ಯಾಲ ಬರ್ತಿತ್ತು. ನಾ ಕರದ್ರ ತಿರುಗಿ ನೋಡ್ಲಿಲ್ಲ.” ಆ ಆಯಿ ತೀರಿಕೊಂಡು ಒಂದು ವರ್ಷವಾಗಿತ್ತು.

ಮರುದಿನ ಅದೇ ಹುಡುಗಿಯು ತಾನಾಗಿಯೇ ಅದನ್ನು ಚೊಕ್ಕ ಪ್ರತಿಯಾಗಿ ಬರೆದು ತಂದಳು. ‘ನಾನು ಒಂದು ಸುಂದರವಾದ ಕನಸನ್ನು ಕಂಡೆನು’ ಎಂದು ಆರಂಭ. ಹಗೇವು ಉಗ್ರಾಣವಾಗಿತ್ತು, ಆಯಿ ‘ನನ್ನ ಪ್ರೀತಿಯ ಅಜ್ಜಿ’ಯಾಗಿದ್ದಳು, ಜೋಳವು ನೀರಿನಂತೆ ಏರುವುದು ಬಿಟ್ಟೇಹೋಗಿತ್ತು. ಇದೂ ಎಚ್ಚರದ ತಿದ್ದುವಿಕೆಯೇ ಅಲ್ಲವೆ ಎಂದು ಯಾರಾದರೂ ನಮ್ಮನ್ನು ಕೇಳಬಹುದು. ಅಲ್ಲ. ಕೋಲ್‌ರಿಜನು ಬೆಟ್ಟದ ಹೆಸರನ್ನು ಬದಲಿಸಿದ್ದು ತನ್ನ ಕಿವಿಗೆ ಒಪ್ಪುವಂತೆ; ಈ ಮಗುವು ಹಗೇವನ್ನು ಬದಲಿಸಿದ್ದು ಪರೀಕ್ಷಕನ ಅಂಜಿಕೆಗೆ. ಮಾದರಿ ಪ್ರಬಂಧಗಳನ್ನು ಬಾಯಿಪಾಠ ಮಾಡಿಸುವ ಪದ್ಧತಿಯು ಕಲಿಸಿರುವುದು ಈ ಅಂಜಿಕೆಯನ್ನು.

ನಾವು ಎರಡು ಪ್ರತಿಗಳನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದೆವು. ಯಾವುದು ಒಳ್ಳೆಯದೆಂದು ನಾವು ಹೇಳಲಿಲ್ಲ. ಮಕ್ಕಳು ಮೊದಲನೆಯದನ್ನೇ ಮತ್ತೊಮ್ಮೆ ಓದಲು ಕೇಳಿದರು. ಆಮೇಲೆ ಹುಡುಗಿಯು ಅದನ್ನೇ ಇಟ್ಟುಕೊಂಡು ಮೂರು ದಿನ ತಿದ್ದಿದಳು. ‘ನಾ ಕರದ್ರ ತಿರುಗಿ ನೋಡ್ಲಿಲ್ಲ’ ಎಂಬುದನ್ನು ಮೊದಲಿಗೆ ತಂದಳು, ಮತ್ತೆ ಕೊನೆಗೆ ಒಯ್ದಳು. ‘ನೀರಿನಂಗ’ ಎಂಬುದನ್ನು ಹೊಡೆದುಹಾಕಿ ‘ಬಾವಿ ನೀರಿನಂಗ’ ಎಂದು ಬರೆದಳು.