ಬ್ರೆಡ್ಡು ಕೆಂಪಾಗುವಷ್ಟರಲ್ಲಿ ಚೀಸ್ ಕರಗಬೇಕು

2014ರಲ್ಲಿ ತೆರೆಕಂಡ ‘ಶೆಫ್’ ಚಿತ್ರದಲ್ಲಿ, ಬಾಣಸಿಗನ ಪಾತ್ರ ಮಾಡಿದ ಜಾನ್ ಫ್ಯಾವ್ರೊ ಮಗನಿಗಾಗಿ ಒಂದು ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಮಾಡುವ ದೃಶ್ಯವಿದೆ. ಬೆಣ್ಣೆ, ಬ್ರೆಡ್ಡು, ಎರಡು ಮೂರು ಬಗೆಯ ಚೀಸ್, ಬಿಸಿ ಹಂಚು, ಇಷ್ಟೇ ಸಾಮಾನು. ದೊಡ್ಡ ಹೋಟೆಲಿನ ಅಡುಗೆಮನೆ ಆಳಿದವನು ಎರಡು ಹೋಳು ಬ್ರೆಡ್ಡಿನ ಮೇಲೆ ಪೂರ್ತಿ ಗಮನವಿಟ್ಟು ನಿಲ್ಲುತ್ತಾನೆ. ಸಿನಿಮಾ ಮುಗಿದು ಹೆಸರುಗಳು ಓಡುವಾಗ, ಫ್ಯಾವ್ರೊಗೆ ಇದನ್ನು ಕಲಿಸಿದ ಬಾಣಸಿಗ ರಾಯ್ ಚೊಯ್ ಪಕ್ಕದಲ್ಲಿ ನಿಂತು ಪಾಠ ಹೇಳುವ ತುಣುಕೂ ಬರುತ್ತದೆ. ಎದ್ದು ಹೊರಡದೆ ಅದನ್ನು ನೋಡಿ.

ನಮ್ಮ ಮನೆಗಳಲ್ಲಿ ಚೀಸ್ ಸ್ಯಾಂಡ್‌ವಿಚ್ ಹುಟ್ಟುವುದು ಬೆಳಗಿನ ಅವಸರದಲ್ಲಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಚೀಸ್ ಹಾಳೆಯನ್ನು ಬ್ರೆಡ್ಡಿನ ನಡುವೆ ಇಟ್ಟು, ದೊಡ್ಡ ಉರಿಯಲ್ಲಿ ಎರಡೂ ಕಡೆ ಸುಟ್ಟು ಡಬ್ಬಿಗೆ ತುಂಬುತ್ತೇವೆ. ಹೊರಗೆ ಕರಿ, ಒಳಗೆ ತಣ್ಣಗೆ. ಈ ತಿಂಡಿಗೆ ಅದಕ್ಕಿಂತ ಒಳ್ಳೆಯ ಗತಿ ಸಲ್ಲಬೇಕು. ದುಬಾರಿ ಸಾಮಾನು ತಂದರಷ್ಟೇ ರುಚಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬ್ರೆಡ್ಡು ಹೊಂಬಣ್ಣಕ್ಕೆ ಬರುವ ಹೊತ್ತಿಗೆ ಸರಿಯಾಗಿ ಒಳಗಿನ ಚೀಸೂ ಕರಗಿರಬೇಕು. ಇದರ ವಿದ್ಯೆಯೆಲ್ಲ ಅಷ್ಟರಲ್ಲಿದೆ.

ಚೀಸ್ ಹಾಕಿ ಬಿಸಿ ಮಾಡಿದ ಬ್ರೆಡ್ಡು ಯುರೋಪಿನಲ್ಲಿ ಹಳೆಯದು. ಪ್ಯಾರಿಸ್ಸಿನ ‘ಕ್ರೋಕ್ ಮಿಸ್ಯೂರ್’ 1919ರಲ್ಲೇ ಪ್ರೂಸ್ತ್‌ನ ಕಾದಂಬರಿಯಲ್ಲಿ ಕಾಣಿಸಿಕೊಂಡಿದೆ. ಅದು ಅಗ್ಗವಾಗಿ ಮನೆಮನೆಯ ತಿಂಡಿಯಾದದ್ದು ಅಮೆರಿಕದಲ್ಲಿ, ಎರಡು ಯಂತ್ರವಿದ್ಯೆಗಳ ಬಲದಿಂದ. 1911ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಊರಿನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಚೀಸಿಗೆ ಸೋಡಿಯಂ ಸಿಟ್ರೇಟ್ ಬೆರೆಸಿ ಕರಗಿಸಿ, ಕೆಡದೆ ಬಹುದಿನ ಉಳಿಯುವ ಪ್ರೊಸೆಸ್ಡ್ ಚೀಸ್ ಮಾಡಿದರು. 1916ರಲ್ಲಿ ಜೇಮ್ಸ್ ಕ್ರಾಫ್ಟ್ ಅಮೆರಿಕದಲ್ಲಿ ತನ್ನದೇ ವಿಧಾನಕ್ಕೆ ಪೇಟೆಂಟ್ ಪಡೆದ. 1928ರ ಜುಲೈನಲ್ಲಿ ಮಿಸೌರಿಯ ಚಿಲಿಕೋಥಿ ಎಂಬ ಸಣ್ಣ ಊರಿನ ಬೇಕರಿಯಲ್ಲಿ ಆಟೊ ರೋವೆಡರ್‌ನ ಯಂತ್ರ, ಬ್ರೆಡ್ಡನ್ನು ಒಂದೇ ಸಮ ಹೋಳು ಮಾಡಿ ಮಾರಾಟಕ್ಕಿಟ್ಟಿತು. ಕೊಯ್ದ ಬ್ರೆಡ್ಡೂ ಕರಗುವ ಚೀಸೂ ಕೈಗೆ ಸಿಕ್ಕಮೇಲೆ ಉಳಿದದ್ದು ಹಂಚು ಇಡುವುದಷ್ಟೇ.

ಈಗ ಚೀಸಿನ ವಿಷಯ. ಪನೀರನ್ನು ಎಷ್ಟು ಹೊತ್ತು ಕಾಯಿಸಿದರೂ ಕರಗುವುದಿಲ್ಲ, ಚೆಡ್ಡರ್ ಮಾತ್ರ ಹಂಚಿನ ಮೇಲೆ ಹರಿಯುತ್ತದೆ. ಏಕೆ? ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನಿದೆ. ಅದರ ಕಣಗಳನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ. ಕಾದ ಹಾಲಿಗೆ ನಿಂಬೆರಸ ಹಿಂಡಿ ಒಡೆಸಿದಾಗ ಆ ಕ್ಯಾಲ್ಸಿಯಂ ಹುಳಿಗೆ ಕರಗಿ ನೀರಿನ ಜೊತೆ ಹೋಗುತ್ತದೆ. ಪ್ರೋಟೀನುಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಅಂಟುತ್ತವೆ ಎಂದರೆ, ಮತ್ತೆ ಕಾಯಿಸಿದರೆ ಮೊದಲು ನೀರು ಆರುತ್ತದೆ, ಪನೀರು ಇನ್ನಷ್ಟು ಗಟ್ಟಿಯಾಗುತ್ತದೆ. ಚೆಡ್ಡರಿನಂಥ ಚೀಸ್ ಹೆಪ್ಪಾಗುವುದು ರೆನೆಟ್ ಎಂಬ ಕಿಣ್ವದಿಂದ. ಅಲ್ಲಿ ಪ್ರೋಟೀನಿನ ಬಲೆ ಸಡಿಲ. ಸುಮಾರು 65 ಡಿಗ್ರಿ ಸೆಲ್ಸಿಯಸ್ಸಿಗೆ ಬಲೆ ಬಿಚ್ಚಿಕೊಂಡು ಚೀಸ್ ಹರಿಯಲು ಶುರುವಾಗುತ್ತದೆ.

ಆದರೆ ತುಂಬ ಮಾಗಿದ ಚೆಡ್ಡರ್ ಬೇರೆ ತೊಂದರೆ ಕೊಡುತ್ತದೆ. ವರ್ಷಗಟ್ಟಲೆ ಮಾಗುವಾಗ ಪ್ರೋಟೀನು ಚೂರುಚೂರಾಗಿರುತ್ತದೆ, ನೀರೂ ಕಡಿಮೆಯಾಗಿರುತ್ತದೆ. ಬಿಸಿ ತಾಗಿದೊಡನೆ ಎಣ್ಣೆ ಒಂದು ಕಡೆ, ತರಿತರಿ ಇನ್ನೊಂದು ಕಡೆ. ರುಚಿ ಮಾತ್ರ ಅದರಲ್ಲೇ ಹೆಚ್ಚು. ಎಳೆಯ ಚೀಸ್ ಚೆನ್ನಾಗಿ ಕರಗಿ ಎಳೆ ಎಳೆಯಾಗಿ ಬರುತ್ತದೆ, ಆದರೆ ಸಪ್ಪೆ. ಹಾಗಾಗಿ ಬಲ್ಲವರು ಎರಡನ್ನೂ ಬೆರೆಸುತ್ತಾರೆ. ನನ್ನ ಅಳತೆ: ಎರಡು ಪಾಲು ಸಾಧಾರಣ ಮಾಗಿದ ಚೆಡ್ಡರ್, ಒಂದು ಪಾಲು ಮೊಝರೆಲ್ಲಾದಂಥ ಎಳೆಯ ಚೀಸ್. ಒಂದು ಸ್ಯಾಂಡ್‌ವಿಚ್‌ಗೆ ಒಟ್ಟು 60ರಿಂದ 70 ಗ್ರಾಂ. ಅದಕ್ಕಿಂತ ಹೆಚ್ಚಾದರೆ ಬ್ರೆಡ್ಡು ತಡೆದುಕೊಳ್ಳುವುದಿಲ್ಲ.

ಲಂಡನ್ನಿನ ಬರೋ ಮಾರ್ಕೆಟ್‌ನಲ್ಲಿ ಬಿಲ್ ಓಗಲ್‌ಥಾರ್ಪ್ ಅವರ ‘ಕ್ಯಾಪಾಕೇಸಿನ್’ ಅಂಗಡಿಯ ಚೀಸ್ ಟೋಸ್ಟಿಗೆ ಜಗತ್ತಿನಲ್ಲೇ ಹೆಸರಿದೆ. ಅದರ ಸಾಮಾನು ಗಮನಿಸಿ: ಸಾಮರ್ಸೆಟ್ಟಿನ ಮಾಂಟ್‌ಗಮರಿ ಚೆಡ್ಡರ್, ಪ್ವಾಲಾನ್ ಬೇಕರಿಯ ಹುಳಿಹಿಟ್ಟಿನ ಬ್ರೆಡ್ಡು, ಸಣ್ಣಗೆ ಹೆಚ್ಚಿದ ಈರುಳ್ಳಿ, ಲೀಕ್ ಸೊಪ್ಪು, ಬೆಳ್ಳುಳ್ಳಿ. ಈರುಳ್ಳಿಯ ಜಾತಿಯ ಘಾಟು ಚೀಸಿನ ಜಿಡ್ಡನ್ನು ಕತ್ತರಿಸುತ್ತದೆ. ಲೀಕ್ ಸಿಗದಿದ್ದರೆ ಈರುಳ್ಳಿ ಹೂವನ್ನೋ ಎಳೆಯ ಈರುಳ್ಳಿ ಸೊಪ್ಪನ್ನೋ ಎರಡು ಚಮಚದಷ್ಟು ಹಾಕಿ. ಅಲ್ಲಿಗೆ ನಿಲ್ಲಿಸಿ. ಕ್ಯಾಪ್ಸಿಕಂ, ಟೊಮೇಟೊ, ಸೌತೆಕಾಯಿ ಎಲ್ಲ ನೀರು ಬಿಡುವ ತರಕಾರಿಗಳು. ಕರಗಿದ ಚೀಸಿನ ಪಕ್ಕ ಅವು ಬ್ರೆಡ್ಡನ್ನು ತೊಪ್ಪೆ ಮಾಡುತ್ತವೆ. ಚಿಲ್ಲಿ ಚೀಸ್ ಟೋಸ್ಟ್ ನನಗೂ ಇಷ್ಟವೇ, ಅದರ ದಾರಿ ಬೇರೆ.

ಒಳ್ಳೆಯ ಚೀಸಿಗೆ ಈಗ ವಿದೇಶಕ್ಕೆ ಕೈಚಾಚಬೇಕಾಗಿಲ್ಲ. ಬೆಂಗಳೂರಿನಲ್ಲಿ ಬೆನೆಡಿಕ್ಟೈನ್ ಪಂಥದ ಸನ್ಯಾಸಿಗಳು ‘ವಲ್ಲೊಂಬ್ರೋಸ’ ಹೆಸರಿನಲ್ಲಿ ಇಟಲಿ ಬಗೆಯ ಚೀಸ್ ಮಾಡುತ್ತಾರೆ. ಅವರ ಮೊಝರೆಲ್ಲಾ ಈ ಕೆಲಸಕ್ಕೆ ಬಹಳ ಒಳ್ಳೆಯದು, ನೀರು ಚೆನ್ನಾಗಿ ಒತ್ತಿ ತೆಗೆದಿರಬೇಕು ಅಷ್ಟೇ. ತಮಿಳುನಾಡಿನ ಕೊಡೈ ಚೆಡ್ಡರ್ ನಮ್ಮ ಪೇಟೆಗಳಲ್ಲಿ ಸಿಗುತ್ತದೆ. ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿಯೇ ಕೊಳ್ಳಿ: ಸಾಮಾನಿನ ಪಟ್ಟಿಯಲ್ಲಿ ಸಸ್ಯಜನ್ಯ ಎಣ್ಣೆ ಕಂಡರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಸ್ವಿಟ್ಜರ್ಲೆಂಡಿನ ಗ್ರುಯೇರ್, ಇಟಲಿಯ ಪಾರ್ಮಿಜಾನೊ ಎರಡನ್ನೂ ಅವುಗಳ ನಿಯಮದ ಪ್ರಕಾರ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದಲೇ ಮಾಡಬೇಕು. ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಬಳಸಿದ ಚೀಸೂ ಪೇಟೆಯಲ್ಲಿದೆ. ಹಸಿರು ಚುಕ್ಕೆ ನೋಡಿ ತೆಗೆದುಕೊಳ್ಳಿ.

ಬ್ರೆಡ್ಡು ಹುಳಿಹಿಟ್ಟಿನದಾದರೆ ಉತ್ತಮ; ದೊಡ್ಡ ತೂತುಗಳಿಲ್ಲದ್ದನ್ನು ಆರಿಸಿ, ಇಲ್ಲವಾದರೆ ಚೀಸ್ ಸೋರಿ ಕಾವಲಿಗೆ ಹಿಡಿಯುತ್ತದೆ. ಅದು ಸಿಗದ ಊರಿನಲ್ಲಿ ಅಯ್ಯಂಗಾರ್ ಬೇಕರಿಯ ಬ್ರೆಡ್ಡೂ ಆದೀತು. ಕೊಯ್ಯದ ಬ್ರೆಡ್ಡು ಕೇಳಿ, ಅರ್ಧ ಇಂಚು ದಪ್ಪಕ್ಕೆ ಕೊಯ್ಯಿಸಿಕೊಂಡು, ಮರುದಿನ ಬಳಸಿ. ಅದರಲ್ಲಿ ಸಿಹಿ ಇರುವುದರಿಂದ ಬೇಗ ಕೆಂಪಾಗುತ್ತದೆ, ಉರಿ ಇನ್ನೂ ಸಣ್ಣದಿರಲಿ.

ಹೊರಗೆ ಸವರಲು ಈಗ ಅನೇಕರು ಮಯೊನೈಸ್ ಹಿಡಿದಿದ್ದಾರೆ. ಸುಲಭವಾಗಿ ಹರಡುತ್ತದೆ, ಒಂದೇ ಸಮ ಬಣ್ಣ ಕೊಡುತ್ತದೆ, ನಿಜ. ರುಚಿಯಲ್ಲಿ ಬೆಣ್ಣೆಗೆ ಅದು ಸಮವಲ್ಲ. ಅದರಲ್ಲೂ ಮೊಸರು ಕಡೆದು ತೆಗೆದ ಮನೆಯ ಬೆಣ್ಣೆ! ಯುರೋಪಿನಲ್ಲಿ ಕೆನೆಯನ್ನು ಹುಳಿಯಾಗಿಸಿ ಕಡೆದು ಮಾಡುವ, ಹೆಚ್ಚಿನ ಬೆಲೆಗೆ ಹೋಗುವ ಬೆಣ್ಣೆಯ ಜಾತಿಗೇ ಸೇರಿದ್ದು ಇದು. ಚಿಟಿಕೆ ಉಪ್ಪು ಬೆರೆಸಿ, ಮೆತ್ತಗಾದ ಮೇಲೆ ಬ್ರೆಡ್ಡಿಗೆ ಅಂಚಿನ ತನಕ ಸವರಿ. ಕಾವಲಿಗೆ ಹಾಕಬೇಡಿ, ಅಲ್ಲಿ ಬೆಣ್ಣೆ ಒಂದು ಕಡೆ ಹೆಚ್ಚಾಗಿ ಒಂದು ಕಡೆ ಕಡಿಮೆಯಾಗುತ್ತದೆ. ತುಪ್ಪ ಬೇಡ. ಅದರ ಪರಿಮಳ ಚೀಸನ್ನು ಮುಚ್ಚಿಹಾಕುತ್ತದೆ.

ಇನ್ನು ಕೆಲಸ. ಚೀಸನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು ದಪ್ಪಗೆ ತುರಿಯಿರಿ. ತುರಿದದ್ದು ಹೋಳಿಗಿಂತ ಬೇಗ ಕರಗುತ್ತದೆ. ಅಂಚಿನಲ್ಲಿ ಒಂದು ಬೆರಳಿನಷ್ಟು ಜಾಗ ಬಿಟ್ಟು ಹರಡಿ. ದೋಸೆಯ ಎರಕದ ಕಾವಲಿಯೇ ಸಾಕು, ಆದರೆ ಕಾವು ದೋಸೆಯದಲ್ಲ. ದೋಸೆಗೆ ನೀರು ಚಿಮುಕಿಸಿದರೆ ಚುರ್ ಎಂದು ಹಾರಿಹೋಗಬೇಕು. ಇಲ್ಲಿ ಹನಿ ನಿಂತಲ್ಲೇ ಮೆಲ್ಲಗೆ ಸಿರಗುಟ್ಟಿ ಆರಬೇಕು. ಬ್ರೆಡ್ಡಿನ ಹೊರಮೈ ಕೆಂಪಾಗಲು ಸುಮಾರು 140 ಡಿಗ್ರಿ ಬೇಕು, ಒಳಗೆ ಚೀಸಿಗೆ 65 ಸಾಕು. ಸುಲಭವೆನ್ನಿಸುತ್ತದೆ, ಆದರೆ ಬ್ರೆಡ್ಡಿನೊಳಗೆ ತುಂಬಿರುವುದು ಗಾಳಿ. ಅದು ಬಿಸಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಉರಿ ದೊಡ್ಡದು ಮಾಡಿದರೆ ಹೊರಮೈ ಸುಟ್ಟುಹೋಗುತ್ತದೆ, ಬಿಸಿ ಚೀಸಿಗೆ ತಲುಪಿಯೇ ಇರುವುದಿಲ್ಲ.

ಸ್ಯಾಂಡ್‌ವಿಚ್ ಇಟ್ಟು ಮೊದಲ ಎರಡು ನಿಮಿಷ ಮುಚ್ಚಳ ಮುಚ್ಚಿ, ಮೇಲಿನಿಂದಲೂ ಬಿಸಿ ಬೀಳಲಿ. ಆಮೇಲೆ ಮುಚ್ಚಳ ತೆಗೆದುಬಿಡಿ, ಇಲ್ಲದಿದ್ದರೆ ಹಬೆಗೆ ಬ್ರೆಡ್ಡು ಮೆತ್ತಗಾಗುತ್ತದೆ. ಬೆಣ್ಣೆಯ ಸದ್ದು ಕೇಳುತ್ತಿರಿ: ಮೊದಲು ಗುಳುಗುಳು, ಅದು ಬೆಣ್ಣೆಯೊಳಗಿನ ನೀರು ಆರುವ ಸದ್ದು. ಸದ್ದು ಇಳಿದು ಹುರಿದ ಗೋಡಂಬಿಯ ವಾಸನೆ ಬಂದಾಗ ಸಟ್ಟುಗದಿಂದ ಮೂಲೆ ಎತ್ತಿ ನೋಡಿ, ಮಗುಚಿ. ಒಂದೊಂದು ಬದಿಗೆ ನಾಲ್ಕು ನಿಮಿಷದ ಆಸುಪಾಸು. ಸಟ್ಟುಗದಿಂದ ಒತ್ತಬೇಡಿ, ಗರಿಗರಿ ಹೊರಮೈಯೊಳಗೆ ಬ್ರೆಡ್ಡು ಮೃದುವಾಗಿಯೇ ಉಳಿಯಬೇಕು. ಎರಡನೇ ಬದಿ ಮುಗಿಯುವ ಮುಂಚೆ ಕಾವಲಿಯ ಮೇಲೆ ಚಿಟಿಕೆ ಚೀಸ್ ತುರಿ ಉದುರಿಸಿ ಅದರ ಮೇಲೆ ಸ್ಯಾಂಡ್‌ವಿಚ್ಚನ್ನು ಅರ್ಧ ನಿಮಿಷ ಇಟ್ಟರೆ ಹಪ್ಪಳದಂಥ ಕಂದು ಪದರ ಹತ್ತುತ್ತದೆ. ಇಳಿಸಿ, ಒಂದು ನಿಮಿಷ ತಂತಿಜಾಲರಿಯ ಮೇಲಿಟ್ಟು, ಆಮೇಲೆ ಕೊಯ್ಯಿರಿ. ಕೂಡಲೇ ಕೊಯ್ದರೆ ಚೀಸೆಲ್ಲ ತಟ್ಟೆಗೆ ಹರಿಯುತ್ತದೆ.

ಅಮೆರಿಕದವರು ಇದರ ಜೊತೆ ಟೊಮೇಟೊ ಸೂಪ್ ಕುಡಿಯುತ್ತಾರೆ, ಜಿಡ್ಡಿಗೆ ಹುಳಿ ಬೇಕೆಂದು. ಅವರ ಗಟ್ಟಿ ಸೂಪಿಗಿಂತ ಬೇಳೆ ಹಾಕದ, ಬೆಳ್ಳುಳ್ಳಿ ಒಗ್ಗರಣೆಯ ನಮ್ಮ ತಿಳಿ ಟೊಮೇಟೊ ಸಾರು ಒಂದು ಲೋಟ ಬಿಸಿಬಿಸಿಯಾಗಿ ಇಟ್ಟುಕೊಳ್ಳುವುದು ಮೇಲು. ಸಾಸ್ ಬಾಟಲಿಯನ್ನು ಮಾತ್ರ ಮೇಜಿನ ಮೇಲೆ ತರಬೇಡಿ, ಅದರ ಸಕ್ಕರೆ ನಿಮ್ಮ ಎಂಟು ನಿಮಿಷದ ದುಡಿಮೆಯನ್ನು ಅಳಿಸಿಹಾಕುತ್ತದೆ. ನಾಲ್ಕು ಜನರಿದ್ದರೆ ನಾಲ್ಕನ್ನೂ ಮಾಡಿಟ್ಟು ಒಟ್ಟಿಗೆ ಬಡಿಸಲು ಹೋಗಬೇಡಿ. ಒಂದೊಂದೇ ಮಾಡಿ, ಕಾವಲಿಯಿಂದ ಇಳಿದಂತೆ ಒಬ್ಬೊಬ್ಬರಿಗೆ ಕೊಡಿ. ಹತ್ತು ನಿಮಿಷ ಕಾದ ಚೀಸ್ ಸ್ಯಾಂಡ್‌ವಿಚ್ಚನ್ನು ಮೈಕ್ರೊವೇವ್ ಕೂಡ ಉಳಿಸಲಾರದು.