ತೊಂಬತ್ತೆರಡು ಸಾವಿರ ಜನ, ಒಂದು ಮೊದಲ ಪಾಸು

2023ರ ಆಗಸ್ಟ್ 30ರ ಸಂಜೆ ಅಮೆರಿಕದ ಲಿಂಕನ್ ನಗರದ ಮೆಮೋರಿಯಲ್ ಸ್ಟೇಡಿಯಂನಲ್ಲಿ ಅಮೆರಿಕನ್ ಫುಟ್‌ಬಾಲ್ ಮೈದಾನದ ಮೇಲೆ ವಾಲಿಬಾಲ್ ಅಂಕಣವೊಂದನ್ನು ಹಾಸಿದ್ದರು. ಸುತ್ತ ಕೂತವರು 92,003 ಮಂದಿ. ನೆಬ್ರಸ್ಕಾ ರಾಜ್ಯದ ಒಟ್ಟು ಜನಸಂಖ್ಯೆಯೇ ಇಪ್ಪತ್ತು ಲಕ್ಷದ ಆಸುಪಾಸು. ಒಮಾಹ ಮತ್ತು ಲಿಂಕನ್ ಬಿಟ್ಟರೆ ಆ ರಾತ್ರಿ ಮೆಮೋರಿಯಲ್ ಸ್ಟೇಡಿಯಂನಷ್ಟು ಜನರಿದ್ದ ಇನ್ನೊಂದು ಊರು ಆ ರಾಜ್ಯದಲ್ಲಿರಲಿಲ್ಲ. ಎಲ್ಲರೂ ನೋಡಲು ಬಂದದ್ದು ಕಾಲೇಜು ಹುಡುಗಿಯರ ವಾಲಿಬಾಲ್. ನೆಬ್ರಸ್ಕಾ ವಿಶ್ವವಿದ್ಯಾಲಯದ ತಂಡ ಒಮಾಹ ತಂಡವನ್ನು 25-14, 25-14, 25-13ರಿಂದ ಸೋಲಿಸಿತು. ಆಮೇಲೆ ಸಂಗೀತ ಕಾರ್ಯಕ್ರಮವೂ ನಡೆಯಿತು.

ಆ ವರ್ಷದ ನೆಬ್ರಸ್ಕಾ ತಂಡದ ಮಾತು ಬಂದಾಗಲೆಲ್ಲ ಈ ಸಂಖ್ಯೆಯೇ ಮೊದಲು ಬಾಯಿಗೆ ಬರುತ್ತದೆ. ನನ್ನ ತಕರಾರು ಇರುವುದು ಅಲ್ಲೇ. ಅದು ಸುಳ್ಳು ಸಂಖ್ಯೆಯಲ್ಲ, ಸಣ್ಣ ಸಾಧನೆಯೂ ಅಲ್ಲ. ಆದರೆ ನಾಲ್ಕು ತಿಂಗಳ ಆಟವೊಂದನ್ನು ಅದರ ಮೊದಲ ವಾರದ ಜಾತ್ರೆಯಿಂದ ಅಳೆಯುತ್ತಿದ್ದೇವೆ. ಆ ಋತುವಿನ ನಿಜವಾದ ಕಥೆ ನಡೆದದ್ದು ನೆಟ್‌ನಿಂದ ಏಳೆಂಟು ಮೀಟರ್ ಹಿಂದೆ, ಎದುರಾಳಿಯ ಸರ್ವ್ ಬಂದು ಬೀಳುವ ಜಾಗದಲ್ಲಿ.

ಮೊದಲು ಆ ದಾಖಲೆಯ ವಿಷಯವನ್ನು ಮುಗಿಸಿಬಿಡೋಣ. ಮಹಿಳೆಯರ ಕ್ರೀಡೆಗೆ ಸೇರಿದ ಅತಿ ದೊಡ್ಡ ಜನಸ್ತೋಮ ಎಂದು ಅದನ್ನು ಜಗತ್ತಿಗೆ ಸಾರಿದರು. ಹಿಂದಿನ ದಾಖಲೆ 2022ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ ಸೇರಿದ 91,648 ಜನರದು ಎಂದರು. ಆದರೆ 1971ರಲ್ಲೇ ಮೆಕ್ಸಿಕೋ ನಗರದ ಅಜ್ಟೆಕಾ ಸ್ಟೇಡಿಯಂನಲ್ಲಿ ಮೆಕ್ಸಿಕೋ-ಡೆನ್ಮಾರ್ಕ್ ಮಹಿಳಾ ಫುಟ್‌ಬಾಲ್ ಫೈನಲ್‌ಗೆ ಲಕ್ಷಕ್ಕೂ ಮಿಕ್ಕಿ ಜನ ಬಂದಿದ್ದರೆಂಬ ಅಂದಾಜಿದೆ. ಆ ಪಂದ್ಯಾವಳಿಗೆ ಫಿಫಾದ ಮುದ್ರೆ ಇರಲಿಲ್ಲ, ಹಾಗಾಗಿ ದಾಖಲೆ ಪುಸ್ತಕಕ್ಕೆ ಆ ಜನ ಬಂದೇ ಇಲ್ಲ! ಹೆಂಗಸರ ಆಟಕ್ಕೆ ಜನ ಸೇರುವುದು ಹೊಸತೇನಲ್ಲ; ಸೇರಿದವರನ್ನು ಎಣಿಸುವ ಮನಸ್ಸು ಮಾತ್ರ ಈಚಿನದು.

ಲಿಂಕನ್‌ನ ಮಟ್ಟಿಗಂತೂ ಇದು ರಾತ್ರೋರಾತ್ರಿ ಹುಟ್ಟಿದ ಪ್ರೀತಿಯಲ್ಲ. 2001ರಿಂದ ಆ ತಂಡದ ತವರು ಪಂದ್ಯಗಳ ಟಿಕೆಟ್ ಒಂದೂ ಉಳಿದಿಲ್ಲ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಕೂಡದೆಂದ 1972ರ ಕಾನೂನು, ಟೆರ್ರಿ ಪೆಟಿಟ್ ಎಂಬ ಕೋಚ್ ಕಟ್ಟಿದ ಬುನಾದಿ, 1995ರ ಮೊದಲ ರಾಷ್ಟ್ರೀಯ ಪ್ರಶಸ್ತಿ, 2000ರಲ್ಲಿ ಬಂದ ಜಾನ್ ಕುಕ್ ಗೆದ್ದುಕೊಟ್ಟ ಇನ್ನೂ ನಾಲ್ಕು, ಇವೆಲ್ಲ ಆ ಪ್ರೀತಿಯ ಹಿಂದಿವೆ. ಪುಟ್ಟ ಪುಟ್ಟ ಊರುಗಳ ಹೈಸ್ಕೂಲುಗಳಲ್ಲಿ ಹುಡುಗಿಯರು ಕೈ ಕೆಂಪಾಗುವಂತೆ ಪಾಸ್ ಅಭ್ಯಾಸ ಮಾಡುವ ನಾಡು ಅದು. ತಮಾಷೆಯೆಂದರೆ, ನಾಡೇ ತನ್ನದೆಂದು ಎದೆಗಪ್ಪಿಕೊಂಡ ಆ ತಂಡದ ಮುಖ್ಯ ಆಟಗಾರ್ತಿಯರಲ್ಲಿ ಬಹುಪಾಲು ಹೊರಗಿನವರು. ನಾಯಕಿ ಮೆರಿಟ್ ಬೀಸನ್ ಅಲಬಾಮಾದವಳು, ಫ್ಲೋರಿಡಾ ವಿಶ್ವವಿದ್ಯಾಲಯ ಬಿಟ್ಟು ಆ ವರ್ಷವಷ್ಟೇ ಬಂದವಳು. ಹಿಂದಿನ ಸಾಲನ್ನು ಕಾಯುವ ಲಿಬೆರೊ ಲೆಕ್ಸಿ ರೊಡ್ರಿಗೆಜ್ ಇಲಿನಾಯ್ ಕಡೆಯವಳು. ಲಿಂಕನ್‌ನದೇ ಮಗಳೆಂದರೆ ನಡುವಿನ ಬ್ಲಾಕರ್ ಬೆಕಾ ಆಲಿಕ್.

ಇನ್ನು ಆಟಕ್ಕೆ ಬರೋಣ.

ಈ ತಂಡದ ಅಚ್ಚರಿ ಅದರ ಎಳೆತನ. ಚೆಂಡನ್ನು ಎತ್ತಿ ಕೊಡುವ ಸೆಟ್ಟರ್, ನಮ್ಮೂರ ಅಂಗಳದ ಮಾತಿನಲ್ಲಿ ಲಿಫ್ಟರ್, ಬರ್ಗನ್ ರೈಲಿ ಆಗಷ್ಟೇ ಕಾಲೇಜಿಗೆ ಕಾಲಿಟ್ಟ ಹುಡುಗಿ. ಅಂಚಿನಿಂದ ಹೊಡೆಯುವ ಹಾರ್ಪರ್ ಮರ್ರಿಗೂ ನಡುವಿನಲ್ಲಿ ಹಾರುವ ಆಂಡಿ ಜಾಕ್ಸನ್‌ಗೂ ಮೊದಲ ವರ್ಷ. ಲಿಫ್ಟರ್ ಎಂದರೆ ತಂಡದ ಮಿದುಳು. ಹದಿನೆಂಟು ಹತ್ತೊಂಬತ್ತರ ಹುಡುಗಿಗೆ ಆ ಜವಾಬ್ದಾರಿ ಒಪ್ಪಿಸುವುದಕ್ಕೆ ಕೋಚ್‌ಗೆ ಗುಂಡಿಗೆ ಬೇಕು. ಕುಕ್ ಒಪ್ಪಿಸಿದರು. ರೈಲಿ ಹಿಂಜರಿಯಲಿಲ್ಲ. ಅವಳ ಕೈಯಿಂದ ಚೆಂಡು ಯಾವ ಕಡೆ ಹೋಗುತ್ತದೆಂದು ಎದುರಿನ ಬ್ಲಾಕರ್‌ಗಳಿಗೆ ಗೊತ್ತಾಗುವಷ್ಟರಲ್ಲಿ ಜಾಕ್ಸನ್ ಆಗಲೇ ಗಾಳಿಯಲ್ಲಿರುತ್ತಿದ್ದಳು. ನಡುವಿನ ಆ ಚುರುಕು ಹೊಡೆತ ನೋಡಲಿಕ್ಕೇ ಒಂದು ಸುಖ. ಪಂದ್ಯದ ಮೇಲೆ ಪಂದ್ಯ ಗೆದ್ದು ತಂಡ 27-0ಕ್ಕೆ ತಲುಪಿತು. ಅಕ್ಟೋಬರ್ 21ರಂದು ಎರಡನೇ ಶ್ರೇಯಾಂಕದ ಎದುರಿಗೇ ಮೊದಲನೆಯದು ನಿಂತಾಗ, ವರ್ಷಗಳಿಂದ ತಮ್ಮನ್ನು ಸೋಲಿಸುತ್ತಲೇ ಬಂದಿದ್ದ ವಿಸ್ಕಾನ್ಸಿನ್ ತಂಡವನ್ನು ಐದು ಸೆಟ್‌ಗಳ ಜಗ್ಗಾಟದಲ್ಲಿ ಮಣಿಸಿದರು. ಕೇಳಿದರೆ, ಇಡೀ ಋತುವಿನಲ್ಲಿ ನಾನು ಎತ್ತಿಡುವ ಪಂದ್ಯ ಅದೇ. ಸ್ಟೇಡಿಯಂನ ಪಂದ್ಯದಲ್ಲಿ ಸೋಲಿನ ಭಯವಿರಲಿಲ್ಲ. ಇದರಲ್ಲಿ ಪ್ರತಿ ಸೆಟ್‌ನಲ್ಲೂ ಇತ್ತು.

ಆದರೆ ಈ ಚೆಲುವೆಲ್ಲ ನಿಂತಿದ್ದು ಒಂದೇ ಒಂದು ಷರತ್ತಿನ ಮೇಲೆ. ನಡುವಿನ ಚುರುಕು ಹೊಡೆತ ಬೇಕೆಂದರೆ ಲಿಫ್ಟರ್ ಕೈಗೆ ಚೆಂಡು ನೆಟ್ ಹತ್ತಿರ, ಹೇಳಿದ ಜಾಗಕ್ಕೇ ಬರಬೇಕು. ಸರ್ವ್ ತೆಗೆದುಕೊಂಡವರ ಪಾಸು ಎರಡು ಮೀಟರ್ ಆಚೆ ಈಚೆ ಹೋಯಿತೆನ್ನಿ, ಲಿಫ್ಟರ್ ಓಡಬೇಕು. ಓಡಿದ ಲಿಫ್ಟರ್ ನಡುವಿನವಳನ್ನು ಮರೆತು ಅಂಚಿಗೆ ಎತ್ತರದ ಚೆಂಡು ಕಳಿಸುತ್ತಾಳೆ. ಆ ಚೆಂಡು ಇಳಿಯುವಷ್ಟರಲ್ಲಿ ಎದುರಿಗೆ ಇಬ್ಬರೋ ಮೂವರೋ ಕೈ ಎತ್ತಿ ಗೋಡೆ ಕಟ್ಟಿರುತ್ತಾರೆ. ನಾಲ್ಕು ದಾರಿಯಿದ್ದ ತಂಡಕ್ಕೆ ಒಂದೇ ದಾರಿ ಉಳಿಯುತ್ತದೆ, ಅದೂ ಎದುರಾಳಿಗೆ ಗೊತ್ತಿರುವ ದಾರಿ.

ವಾಲಿಬಾಲಿನಲ್ಲಿ ಇನ್ನೊಂದು ಕ್ರೂರ ನಿಯಮವಿದೆ. ಸರ್ವ್ ಮಾಡುವವರ ಪಾಯಿಂಟ್ ಮುರಿಯುವವರೆಗೆ ಸರ್ವ್ ತೆಗೆದುಕೊಳ್ಳುವ ತಂಡ ಒಂದು ಮನೆಯೂ ತಿರುಗುವಂತಿಲ್ಲ. ಪಾಸು ಕೆಡುತ್ತಿರುವ ಆಟಗಾರ್ತಿ ಅದೇ ಜಾಗದಲ್ಲಿ ನಿಂತು, ಅದೇ ಸರ್ವರ್‌ನ ಅದೇ ಚೆಂಡನ್ನು ಮತ್ತೆ ಮತ್ತೆ ಎದುರಿಸಬೇಕು. ಕ್ರಿಕೆಟ್ಟಿನಲ್ಲಾದರೆ ಆರು ಎಸೆತಕ್ಕೆ ಓವರ್ ಮುಗಿದು ಬೌಲರ್ ದೂರ ಹೋಗುತ್ತಾನೆ. ಇಲ್ಲಿ ಓವರಿಗೆ ಕೊನೆಯೇ ಇಲ್ಲ. ಎರಡು ಟೈಮ್‌ಔಟ್ ತೆಗೆದುಕೊಂಡು, ಬದಲಿ ಆಟಗಾರ್ತಿಯನ್ನು ಕಳಿಸಿ, ಮುಖಕ್ಕೆ ನೀರು ಎರಚಿಕೊಂಡು ಬಂದರೂ ಆ ಸರ್ವರ್ ಆಚೆ ತುದಿಯಲ್ಲಿ ಚೆಂಡು ಕುಟ್ಟುತ್ತಾ ನಿಂತೇ ಇರುತ್ತಾಳೆ.

2023ರ ಡಿಸೆಂಬರ್ 17ರಂದು ಫ್ಲೋರಿಡಾದ ಟ್ಯಾಂಪಾದಲ್ಲಿ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ ಆದದ್ದು ಇಷ್ಟೇ. ನಮ್ಮಲ್ಲಿ ಆಗ ನಡುರಾತ್ರಿ ಕಳೆದಿತ್ತು. ಮೊದಲ ಸೆಟ್ 25-22ಕ್ಕೆ ಎದುರಾಳಿ ಟೆಕ್ಸಸ್‌ಗೆ ಹೋದಾಗ ನಿದ್ದೆಗೆಟ್ಟದ್ದಕ್ಕೆ ಒಳ್ಳೆಯ ಐದು ಸೆಟ್ ಸಿಗುತ್ತದೆಂದು ಕಾಫಿ ಮಾಡಿಕೊಂಡೆ. ಕಾಫಿ ಆರುವ ಮೊದಲೇ ಪಂದ್ಯ ಕೈಬಿಟ್ಟಿತ್ತು: 25-14, 25-11. ಟೆಕ್ಸಸ್ ಸರ್ವ್‌ನಿಂದ ನೇರವಾಗಿ ಗಳಿಸಿದ ಏಸ್‌ಗಳೇ 12. ಏಸ್ ಆಗದೆ ಪಾಸನ್ನು ಬರೀ ಕೆಡಿಸಿದ ಸರ್ವ್‌ಗಳು ಲೆಕ್ಕದ ಹಾಳೆಯಲ್ಲಿ ಕಾಣುವುದಿಲ್ಲ, ಸೋತದ್ದು ಅವುಗಳಿಂದ. ಏಷಾ ಓನೀಲ್ ಸರ್ವ್‌ಗೆ ನಿಂತಾಗಲಂತೂ ನೆಬ್ರಸ್ಕಾದ ಹಿಂದಿನ ಸಾಲು ನಡುಗಿತು. ಎರಡು ಬಾರಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅಂಕಣಕ್ಕೆ ಮರಳಿದ ಆಟಗಾರ್ತಿ ಆಕೆ. ಆ ಕಥೆಯನ್ನು ಟಿವಿಯವರು ಬೇಕಾದಷ್ಟು ಸಲ ಹೇಳಿದರು, ಅವಳ ಸರ್ವ್ ಎಲ್ಲಿ ಬೀಳುತ್ತಿದೆ ಎಂಬುದನ್ನು ಅಷ್ಟು ಸಲ ಹೇಳಲಿಲ್ಲ.

ತಿರುಗದೆ ತೇಲಿ ಬಂದು ಕೊನೆ ಗಳಿಗೆಯಲ್ಲಿ ದಿಕ್ಕು ತಪ್ಪಿಸುವ ಸರ್ವ್‌ಗೆ ಫ್ಲೋಟ್ ಎನ್ನುತ್ತಾರೆ. ಹಳ್ಳಿಯ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಇಂಥ ಸರ್ವ್‌ಗೆ ಚಪ್ಪಾಳೆ ಬೀಳುವುದಿಲ್ಲ. ಸ್ಮ್ಯಾಶ್‌ಗೆ ಮಾತ್ರ ಸೀಟಿ. ಲಿಂಕನ್‌ನಲ್ಲೂ ಜನರ ಕಣ್ಣಿರುವುದು ಸ್ಮ್ಯಾಶಿನ ಮೇಲೆಯೇ. ರೊಡ್ರಿಗೆಜ್ ಅಮೆರಿಕದ ಕಾಲೇಜು ಆಟದ ಅತ್ಯುತ್ತಮ ಲಿಬೆರೊಗಳಲ್ಲಿ ಒಬ್ಬಳಾಗಿದ್ದಳು, ನಿಜ. ಆದರೆ ಸರ್ವ್ ತೆಗೆಯಲು ನಿಲ್ಲುವವರು ಮೂವರು, ಅವಳೊಬ್ಬಳು ಒಂಬತ್ತು ಮೀಟರ್ ಅಗಲವನ್ನು ಕಾಯಲಾರಳು. ಅಂಥ ಲಿಬೆರೊ ಇರುವ ತಂಡದೆದುರು ಯಾವ ಬುದ್ಧಿವಂತ ಕೋಚ್ ಆದರೂ ಸರ್ವ್ ಅನ್ನು ಉಳಿದಿಬ್ಬರತ್ತಲೇ ಕಳಿಸುತ್ತಾನೆ.

ಇಲ್ಲಿ ನನ್ನ ವಿಮರ್ಶೆ ಹುಡುಗಿಯರ ಮೇಲಲ್ಲ, ಋತುವಿನ ಮೇಲೆ. ಟೆಕ್ಸಸ್ 2022ರ ಚಾಂಪಿಯನ್ನು, ನಿಜ. ಆದರೆ 2023ರಲ್ಲಿ ನಾಲ್ಕು ಪಂದ್ಯ ಸೋತು, ತನ್ನ ಗುಂಪಿನಲ್ಲಿ ಎರಡನೇ ಶ್ರೇಯಾಂಕ ಪಡೆದು ಫೈನಲ್ ಮುಟ್ಟಿದ ತಂಡ. ಅದರ ಲಿಫ್ಟರ್ ಕೂಡ ಮೊದಲ ವರ್ಷದ ಹುಡುಗಿಯೇ, ಹಾಗಾಗಿ ನೆಬ್ರಸ್ಕಾದ ಸೋಲನ್ನು ವಯಸ್ಸಿನ ತಲೆಗೆ ಕಟ್ಟುವಂತಿಲ್ಲ. ಸೋತ ತಂಡಕ್ಕೆ ತನ್ನ ತೂತು ಎಲ್ಲಿದೆಯೆಂದು ಸೆಪ್ಟೆಂಬರಿನಲ್ಲೇ ಗೊತ್ತಾಗುತ್ತದೆ, ಹೊಲಿಯಲು ಮೂರು ತಿಂಗಳು ಸಿಗುತ್ತದೆ. ನೆಬ್ರಸ್ಕಾಗೆ ನವೆಂಬರ್ ಕೊನೆಯವರೆಗೆ ಯಾರೂ ಅದನ್ನು ತೋರಿಸಿಕೊಡಲಿಲ್ಲ. ಮ್ಯಾಡಿಸನ್‌ನಲ್ಲಿ ವಿಸ್ಕಾನ್ಸಿನ್ ಎದುರು ಸೋತಾಗ ಒಂದು ಸುಳಿವು ಸಿಕ್ಕಿತು. ಆಮೇಲೆ ನಾಕ್‌ಔಟ್ ಶುರು. ಸೆಮಿಫೈನಲ್‌ನಲ್ಲಿ ಪಿಟ್ಸ್‌ಬರ್ಗ್ ತಂಡವನ್ನು ಮೂರೇ ಸೆಟ್‌ಗಳಲ್ಲಿ ಮುಗಿಸಿದ ಮೇಲೆ ಆ ಸುಳಿವೂ ಮರೆತುಹೋಗಿರಬೇಕು. 33 ಗೆಲುವು, 2 ಸೋಲು ಎಂಬ ಲೆಕ್ಕ ಕಾಗದದ ಮೇಲೆ ಮಿಂಚುತ್ತದೆ. ಆ ಗೆಲುವುಗಳಲ್ಲಿ ಎಷ್ಟು ತಂಡಕ್ಕೆ ಏನನ್ನಾದರೂ ಕಲಿಸಿದವು ಎಂಬುದೇ ಪ್ರಶ್ನೆ. ಸ್ಟೇಡಿಯಂನ ಆ ರಾತ್ರಿಯಂತೂ ಏನನ್ನೂ ಕಲಿಸಲಿಲ್ಲ.

ಹಾಗೆಂದು ಆ ರಾತ್ರಿ ವ್ಯರ್ಥವೆಂದು ಹೇಳಲು ನನಗೆ ಮನಸ್ಸಿಲ್ಲ. ಫುಟ್‌ಬಾಲಿಗೆಂದೇ ಮೀಸಲಾದ, ಗಂಡಸರ ಆಟದ ಗುಡಿಯಂಥ ಜಾಗವನ್ನು ಹುಡುಗಿಯರಿಗೆ ಒಂದು ಸಂಜೆ ಬಿಟ್ಟುಕೊಟ್ಟರು, ಅದೂ ತುಂಬಿಹೋಯಿತು. ಸೋತ ಒಮಾಹ ತಂಡದವರೂ ಅಷ್ಟು ಜನರೆದುರು ಹಿಂದೆ ಆಡಿರಲಿಲ್ಲ, ಮುಂದೆ ಆಡುವುದೂ ಕಷ್ಟ. ಅದೇ ಡಿಸೆಂಬರಿನಲ್ಲಿ ಫೈನಲ್ ಪಂದ್ಯ ಎಬಿಸಿಯಂಥ ದೊಡ್ಡ ವಾಹಿನಿಯಲ್ಲಿ ಬಂತು. 2024ರ ಜನವರಿಯಲ್ಲಿ ಒಮಾಹದಲ್ಲೇ ಒಂದು ವೃತ್ತಿಪರ ಮಹಿಳಾ ತಂಡ ಕಣಕ್ಕಿಳಿಯಿತು. ಕಾಲೇಜು ಮುಗಿದ ಮೇಲೆ ಆಡಬೇಕೆಂದರೆ ಇಟಲಿಗೋ ಟರ್ಕಿಗೋ ವಿಮಾನ ಹತ್ತಬೇಕಿದ್ದ ಹುಡುಗಿಯರಿಗೆ ಮನೆ ಹತ್ತಿರವೇ ಕೆಲಸ ಸಿಗುವಂತಾಯಿತು. ಜಾತ್ರೆಗೆ ತನ್ನದೇ ಬೆಲೆ ಇದೆ. ಅದನ್ನು ಆಟದ ಬೆಲೆಯೆಂದು ಬರೆದಿಡುವುದು ಮಾತ್ರ ತಪ್ಪು ಲೆಕ್ಕ.

ಮರುವರ್ಷವೂ ಇದೇ ಹುಡುಗಿಯರು, ಒಂದು ವರ್ಷ ಬಲಿತು, ಸೆಮಿಫೈನಲ್ ಮುಟ್ಟಿದರು. ಪೆನ್ ಸ್ಟೇಟ್ ಎದುರು ಎರಡು ಸೆಟ್ ಗೆದ್ದು, ನಾಲ್ಕನೇ ಸೆಟ್‌ನಲ್ಲಿ 22-16ರ ಮುನ್ನಡೆಯಲ್ಲಿದ್ದು, ಮ್ಯಾಚ್ ಪಾಯಿಂಟ್ ಕೈಯಲ್ಲಿಟ್ಟುಕೊಂಡು ಸೋತರು. ಪೆನ್ ಸ್ಟೇಟ್ ಮುಂದೆ ಪ್ರಶಸ್ತಿಯನ್ನೂ ಗೆದ್ದಿತು. 2025ರ ಜನವರಿಯಲ್ಲಿ ಕುಕ್ ನಿವೃತ್ತರಾದರು, ಅವರ ಜಾಗಕ್ಕೆ ಅವರದೇ ಹಳೆಯ ಶಿಷ್ಯೆ ಡ್ಯಾನಿ ಬುಸ್‌ಬೂಮ್ ಕೆಲ್ಲಿ ಬಂದರು.

2023ರ ನೆಬ್ರಸ್ಕಾ ನನ್ನ ಮಟ್ಟಿಗೆ ಆ ವರ್ಷದ ಅತಿ ಚೆಂದದ ತಂಡ, ಅತ್ಯುತ್ತಮ ತಂಡವಲ್ಲ. ಒಪ್ಪದವರು ಸ್ಟೇಡಿಯಂನ ವಿಡಿಯೋ ಬದಿಗಿಟ್ಟು ಟ್ಯಾಂಪಾದ ಎರಡನೇ ಸೆಟ್ ಹಾಕಿಕೊಂಡು ನೋಡಿ. ಚೆಂಡು ನೆಟ್ ದಾಟುವಾಗ ಹೊಡೆಯುವವಳತ್ತ ನೋಡಬೇಡಿ, ಹಿಂದೆ ಬಾಗಿ ನಿಂತ ಆ ಮೂವರ ಮುಂಗೈಗಳನ್ನು ನೋಡಿ.