ವಿಚ್ಛೇದನದಲ್ಲಿ ಮನೆಗೆ ಬೆಲೆ ಕಟ್ಟುವ ಬಗೆ

ಇಬ್ಬರ ಹೆಸರಿನಲ್ಲೂ ಫ್ಲಾಟ್ ಇರುವ ಗಂಡಹೆಂಡಿರು ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವಾಗ ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟು: ಒಬ್ಬರು ಮನೆ ಇಟ್ಟುಕೊಳ್ಳುತ್ತಾರೆ, ಇನ್ನೊಬ್ಬರು ಹಣ ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಆ ಹಣವೆಷ್ಟು ಎಂಬುದು ಮನೆಗೆ ಕಟ್ಟಿದ ಬೆಲೆಯನ್ನೇ ಅವಲಂಬಿಸಿದೆ. ಆದರೆ ಇಡೀ ಪ್ರಕರಣದಲ್ಲಿ ಅತ್ಯಂತ ಅವಸರದಲ್ಲಿ ಮುಗಿಯುವ ಕೆಲಸವೂ ಅದೇ.

ಮಾತುಕತೆಯಲ್ಲಿ ಮೊದಲು ಮುಂದೆ ಬರುವುದು ಮಾರ್ಗಸೂಚಿ ದರ. 'ಸರ್ಕಾರಿ ರೇಟೇ ಇಷ್ಟಿದೆಯಲ್ಲ' ಎಂದರೆ ಎದುರಿನವರ ಬಾಯಿ ಕಟ್ಟಿಹೋಗುತ್ತದೆ. ಆದರೆ ಆ ದರ ಇರುವುದು ಮುದ್ರಾಂಕ ಶುಲ್ಕ ಲೆಕ್ಕ ಹಾಕಲಿಕ್ಕೆ. ರಾಜ್ಯದಲ್ಲಿ 2023ರ ಅಕ್ಟೋಬರ್‌ನಲ್ಲಿ ಅದನ್ನು ಪರಿಷ್ಕರಿಸಿದರು. ಪೇಟೆ ಅಂಥ ಪರಿಷ್ಕರಣೆಗೆ ಕಾಯುತ್ತ ಕೂರುವುದಿಲ್ಲ. ಒಂದು ಲೆಕ್ಕ ನೋಡಿ. 1,200 ಚದರಡಿಯ ಫ್ಲಾಟ್, ಮಾರ್ಗಸೂಚಿ ದರ ಚದರಡಿಗೆ 5,000, ಪೇಟೆ ದರ 8,000, ಬಾಕಿ ಸಾಲ 30 ಲಕ್ಷ ಎಂದುಕೊಳ್ಳೋಣ. ಸರ್ಕಾರಿ ದರದಲ್ಲಿ 60 ಲಕ್ಷ. ಸಾಲ ಕಳೆದು ಅರ್ಧ ಮಾಡಿದರೆ 15 ಲಕ್ಷ. ಪೇಟೆ ದರದಲ್ಲಿ 96 ಲಕ್ಷ. ಅರ್ಧ ಪಾಲು 33 ಲಕ್ಷ. ಸಾಲ ಎರಡು ಕಡೆಯೂ ಅಷ್ಟೇ ಇರುವುದರಿಂದ ದರದ ವ್ಯತ್ಯಾಸ ಪಾಲಿಗೆ ಬರುವಷ್ಟರಲ್ಲಿ ದುಪ್ಪಟ್ಟು ದಾಟುತ್ತದೆ. ಎರಡು ಪಾಲುಗಳ ನಡುವಿನ ಆ 18 ಲಕ್ಷ ಕಳೆದುಕೊಳ್ಳುವವರು ಮನೆ ಬಿಟ್ಟು ಹೊರಡುವವರು. ಎಷ್ಟೋ ಕಡೆ ಅದು ಹೆಂಡತಿ.

ವ್ಯಾಲ್ಯುಯರ್ ಬಂದು ಅಳೆದರೂ ಗೊಂದಲ ತೀರುವುದಿಲ್ಲ. ವರದಿಯ ಮೊದಲ ಪುಟದಲ್ಲೇ ಯಾವ ಉದ್ದೇಶಕ್ಕೆ, ಯಾವ ದಿನಾಂಕಕ್ಕೆ ಈ ಬೆಲೆ ಎಂದು ಬರೆದಿರುತ್ತದೆ. ಅದನ್ನು ಓದುವವರು ಕಡಿಮೆ. ಬ್ಯಾಂಕಿಗೆಂದು ಮಾಡಿಸಿದ ವರದಿಯಲ್ಲಿ ಮನೆಯನ್ನು ತುರ್ತಾಗಿ ಮಾರಿದರೆ ಬರುವ ಬೆಲೆಯೂ ಇರುತ್ತದೆ, ಅದು ಸಹಜವಾಗಿಯೇ ಕಡಿಮೆ. ಆ ಅಂಕಿಯನ್ನೇ ಪಾಲಿನ ಲೆಕ್ಕಕ್ಕೆ ಹಿಡಿಯುವುದು ಅನ್ಯಾಯ. ಸಾಮಾನ್ಯ ಜಾಗವೂ ಸೇರಿದ ಸೂಪರ್ ಬಿಲ್ಟ್-ಅಪ್ ವಿಸ್ತೀರ್ಣಕ್ಕೆ ನಡೆಯುವ ದರವನ್ನು ಮನೆಯೊಳಗಿನ ಕಾರ್ಪೆಟ್ ಏರಿಯಾಕ್ಕೆ ಗುಣಿಸಿದರೂ ಬೆಲೆ ಸದ್ದಿಲ್ಲದೆ ಇಳಿಯುತ್ತದೆ.

ಕಾನೂನಿನ ಆಸರೆಯೂ ತೆಳುವೇ. ಗೋವಾದಲ್ಲಿರುವಂತೆ ಮದುವೆಯಿಂದಲೇ ಆಸ್ತಿ ಇಬ್ಬರದಾಗುವ ನಿಯಮ ನಮ್ಮಲ್ಲಿಲ್ಲ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿ ಬಂದ ಆಸ್ತಿಯ ಮಾತನ್ನಷ್ಟೇ ಆಡುತ್ತದೆ. ಜೀವನಾಂಶದ ಪ್ರಕರಣಗಳಲ್ಲಿ ಆಸ್ತಿ-ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ, ರಜನೀಶ್-ನೇಹಾ ಪ್ರಕರಣದಲ್ಲಿ, ಹೇಳಿದ್ದು ದೊಡ್ಡ ಹೆಜ್ಜೆ. ಆದರೆ ಅದರಲ್ಲಿ ಮನೆಯ ಬೆಲೆ ಬರೆಯುವವರು ಆಸ್ತಿ ಹೊಂದಿದವರೇ. ಇನ್ನು ಗಂಡನೊಬ್ಬನ ಹೆಸರಿನಲ್ಲಿರುವ ಮನೆಯ ಮುಂಗಡಕ್ಕೆ ಹೆಂಡತಿ ಒಡವೆ ಮಾರಿ ಕೊಟ್ಟ ಹಣ, ಅವನ ಸಂಬಳವೆಲ್ಲ ಕಂತಿಗೆ ಹೋಗುತ್ತಿದ್ದಾಗ ಅವಳು ತೂಗಿಸಿದ ದಿನಸಿ, ಮಕ್ಕಳ ಫೀಸು ಯಾವ ವ್ಯಾಲ್ಯುಯರ್‌ನ ನಮೂನೆಯಲ್ಲೂ ಇಲ್ಲ. ಈ ಪದ್ಧತಿಯ ಬಗ್ಗೆ ನನ್ನ ಅತಿ ದೊಡ್ಡ ತಕರಾರು ಇದೇ.

ಎರಡೂ ಕಡೆಯವರು ತಮಗೆ ಬೇಕಾದ ವ್ಯಾಲ್ಯುಯರ್ ತಂದು ಎರಡು ಬೆಲೆಗಳ ನಡುವೆ ಚೌಕಾಸಿ ಮಾಡುವ ಬದಲು, ಇಬ್ಬರೂ ಒಪ್ಪಿದ ನೋಂದಾಯಿತ ವ್ಯಾಲ್ಯುಯರ್ ಇಬ್ಬರೂ ಇರುವಾಗಲೇ ಮನೆ ಅಳೆಯಲಿ. ಅದೇ ಸಮುಚ್ಚಯದಲ್ಲಿ ಇತ್ತೀಚೆಗೆ ಮಾರಾಟವಾದ ಫ್ಲಾಟ್‌ಗಳ ಬೆಲೆ ವರದಿಯಲ್ಲಿರಲಿ. ಹಣ ಕೈಸೇರುವುದು ತಿಂಗಳುಗಟ್ಟಲೆ ತಡವಾದರೆ ಬೆಲೆಯನ್ನು ಮತ್ತೆ ನೋಡುವ ಷರತ್ತು ಒಪ್ಪಂದದಲ್ಲೇ ಸೇರಲಿ. ಸಾಲದ ಪತ್ರದಲ್ಲಿ ಹೆಸರಿರುವವರು ಇನ್ನೊಂದನ್ನೂ ಗಮನಿಸಬೇಕು: ಬಿಡುಗಡೆ ಪತ್ರ ನೋಂದಣಿಯಾದ ಮಾತ್ರಕ್ಕೆ ಬ್ಯಾಂಕ್ ಅವರನ್ನು ಸಾಲದಿಂದ ಬಿಡುವುದಿಲ್ಲ. ಬ್ಯಾಂಕ್ ಬರವಣಿಗೆಯಲ್ಲಿ ಒಪ್ಪುವವರೆಗೆ, ಬಿಟ್ಟುಕೊಟ್ಟ ಮನೆಯ ಕಂತು ತಪ್ಪಿದರೂ ಅದು ಅವರನ್ನೇ ಕೇಳಬಹುದು.